ಚಂದನನ ಹೆಸರಿನ ಜಾಗ

ಪುಷ್ಯದ ಚಳಿ. ರಾಜಧಾನಿಯ ಮಯೂರ್ ವಿಹಾರದ ಸೊಸೈಟಿಯ ತಾರಸಿಯಲ್ಲಿ ವಿಮಲಾ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತಿದ್ದಳು. ಎದುರು ಚಾಪೆಯ ಮೇಲೆ ಹೆಳವರ ದೇವೇಂದ್ರಪ್ಪ ಕೆಂಪು ಬಟ್ಟೆ ಬಿಚ್ಚಿ ಉದ್ದನೆಯ ಪುಸ್ತಕ ತೆಗೆದ. ಇವನ ಹಿರಿಯರು ಸುಗ್ಗಿಗೊಮ್ಮೆ ಎತ್ತಿನ ಮೇಲೆ ಅವಳ ಗಂಡನ ಊರಿಗೆ ಬಂದು, ಮನೆತನದ ಹೆಸರುಗಳನ್ನೆಲ್ಲ ಹಾಡಿ, ಹೊಸ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಇವನು ಬಂದದ್ದು ಮೆಟ್ರೋದಲ್ಲಿ. ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇವನ ಅಳಿಯ ಅಡುಗೆಯವನು; ಅವನನ್ನು ನೋಡಲು ಊರಿಂದ ಬಂದಿದ್ದ. ಹೆಳವ ಬರುತ್ತಾನೆಂದು ತಿಳಿದದ್ದೇ, ಗಂಡ ಬಸವಲಿಂಗಪ್ಪ ಭಾನುವಾರವೂ ಕಚೇರಿಗೆ ಹೊರಟುಹೋಗಿದ್ದ.

ದೇವೇಂದ್ರಪ್ಪ ಹಾಡುತ್ತ ಹಾಡುತ್ತ ಬಸವಲಿಂಗಪ್ಪನವರೆಗೆ ಬಂದು, "ಇಲ್ಲಿಗೆ ಏಳು ತಲೆಮಾರು" ಎಂದ.

"ತಲೆ ಮಾರಿದ್ರಾ? ಕಿಸ್ ಭಾವ್, ಎಷ್ಟಕ್ಕೆ?" ಎಂದಳು ಮಗಳು ನಿಹಾರಿಕಾ.

ಅವನು ನಕ್ಕ. "ಮಾರಾಟ ಅಲ್ಲವ್ವ. ಮಾರುತ್ತರ ಅಂತೀವಲ್ಲ, ಆ ಮಾರು. ಒಂದು ತಲೆ ಹೋಯ್ತು, ಅದರ ಬದಲಿಗೆ ಇನ್ನೊಂದು ತಲೆ ಬಂತು. ನಮ್ಮಜ್ಜ ಹಂಗೇ ಹೇಳ್ತಿದ್ದ. ಮುಂದಿನ ತಲೆ ಹೇಳಿ ತಾಯಿ."

"ಚಂದನ್. ಬರ್ಕೊ" ಎಂದಳು ವಿಮಲಾ.

"ಸೊಸೆ ಹೆಸರು?"

"ಮದುವೆ ಆಗಿರ್ಲಿಲ್ಲ. ಹೋಗಿ ಮೂರು ವರ್ಷ ಆಯ್ತು. ಇಪ್ಪತ್ನಾಲ್ಕು ಅವನಿಗೆ."

ಪೆನ್ನು ನಿಂತಿತು. "ಮದುವೆಯಾಗದೆ ಹೋದವರನ್ನ ಬರೆಯೋ ಪದ್ಧತಿ ನಮ್ಮ ಮನೇಲಿಲ್ಲ ತಾಯಿ. ಬರೆದ ಹೆಸರಿನ ಕೆಳಗೆ ಇನ್ನೊಂದು ಬರಬೇಕು."

"ಹುಟ್ಟಿದ್ದ ಅಂತಾದ್ರೂ ಬರಿಯಪ್ಪ. ಇದ್ದ ಅಂತ."

ಅವನು ಪುಸ್ತಕದ ಖಾಲಿ ಹಾಳೆಯನ್ನು ಅಂಗೈಯಿಂದ ಸವರಿದ.

"ನನ್ನನ್ನೇ ಬರ್ಕೊಳ್ಳಿ, ಅಂಕಲ್" ಎಂದಳು ನಿಹಾರಿಕಾ.

"ನೀನು ಹೋಗೋ ಮನೆಯ ಹೆಳವ ಬರ್ಕೊತಾನವ್ವ."

"ಅವರು ಪಂಜಾಬಿ. ಅವರಿಗೆಲ್ಲಿ ಹೆಳವ!"

ದೇವೇಂದ್ರಪ್ಪ ಬಸವಲಿಂಗಪ್ಪನ ಹೆಸರಿನ ಕೆಳಗೆ ಅಡ್ಡಗೆರೆ ಎಳೆದು ಪುಸ್ತಕ ಮುಚ್ಚಿದ. ವಿಮಲಾ ಎದ್ದು ಕೆಳಗೆ ಮನೆಗೆ ಹೋಗಿ, ಅಗಲವಾದ ತಟ್ಟೆ, ಪರಾತದ ತುಂಬ ಅಕ್ಕಿ ತಂದು ಅವನ ಮುಂದೆ ಹಿಡಿದಳು. ಅವನು ಅಕ್ಕಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡನೇ ಹೊರತು ಜೋಳಿಗೆ ಒಡ್ಡಲಿಲ್ಲ.

"ಹೆಸರು ಬರೆದರೆ ಕಾಳು. ಬರೀದೇ ತಗೊಂಡ್ರೆ ಸಾಲ ಹೊತ್ತ ಹಾಗೆ."

"ಹೊತ್ಕೊ. ತೀರಿಸೋಕಾದ್ರೂ ಇನ್ನೊಂದ್ಸಲ ಬರ್ತೀಯಲ್ಲ. ಬಂದಾಗ ಅವನ ಹೆಸರು ಕೇಳು, ಸಾಕು."

"ಗೆರೆ ಎಳೆದ ಮನೆಗೆ ಮತ್ತೆ ಹೋಗೋ ಹಾಗಿಲ್ಲ ತಾಯಿ" ಎಂದು ಅವನು ಮೆಲ್ಲಗೆ ಮೆಟ್ಟಿಲಿಳಿದ.

ವಿಮಲಾಳ ತೋಳು ಸೋತು ಬರುತ್ತಿತ್ತು. ನಿಹಾರಿಕಾ ಪರಾತಕ್ಕೆ ಕೈಯೊಡ್ಡಿದರೂ ಕೊಡಲಿಲ್ಲ. ಚಂದನನ ಹೆಸರಿಗೆಂದು ಅಳೆದು ತಂದ ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ಸುರಿಯುವುದು ಅವಳಿಂದಾಗಲಿಲ್ಲ.