ಲೆಕ್ಕಕ್ಕಿಲ್ಲದ ಎರಡು ಕ್ಲಿಕ್ಕು

ಮೇಣದಲ್ಲಿ ಕೂರಿಸಿದ ಹೊಸ ಹಲ್ಲಿನ ಸೆಟ್ಟನ್ನು ಬಾಯಿಗಿಟ್ಟುಕೊಂಡು ಕನ್ನಡಿ ನೋಡಿದವಳು, ಅದನ್ನು ತೆಗೆದು ಹಲ್ಲಿನ ಡಾಕ್ಟರ ಕೈಗೇ ವಾಪಸ್ಸು ಕೊಟ್ಟಳು.

"ಇದು ಟೀವಿಯಲ್ಲಿ ಸುದ್ದಿ ಓದೋಳ ಬಾಯಿ. ನಂದಲ್ಲ," ಎಂದಳು, ಅಂಗೈಯನ್ನು ತುಟಿಗೆ ಅಡ್ಡ ಹಿಡಿದು.

ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಮುಂದಿನ ಹಲ್ಲು ಹೇಗಿದ್ವು ಅಂತ ನಾನು ನೋಡೇ ಇಲ್ವಲ್ಲಮ್ಮ. ನೀವು ಇಲ್ಲಿಗೆ ಬರೋ ಹೊತ್ತಿಗೆ ಅವು ಉದುರಿ ಆಗಿತ್ತು. ಬಾಯಿತುಂಬ ನಕ್ಕಿರೋ ಹಳೇ ಫೋಟೋ ಒಂದು ತನ್ನಿ, ಅದನ್ನ ನೋಡ್ಕೊಂಡು ಕೂರಿಸ್ತೀನಿ. ಮೇಣದಲ್ಲಿ ಇರೋವರೆಗೆ ಹೆಂಗೆ ಬೇಕಾದ್ರೂ ತಿರುಗಿಸಬಹುದು. ಸೋಮವಾರ ಗಟ್ಟಿ ಮಾಡೋಕೆ ಕಳಿಸ್ಬೇಕು, ಆಮೇಲೆ ಆಗಲ್ಲ."

ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಕುರ್ಚಿಯಲ್ಲಿ ಮುದುರಿಕೊಂಡಿದ್ದ ಗಂಡ ನೆಟ್ಟಗಾದ. "ಒಂದು ಯಾಕೆ ಡಾಕ್ಟ್ರೇ, ಗೋಣಿಚೀಲದಲ್ಲಿ ತರ್ತೀನಿ."

ಸುಳ್ಳಲ್ಲ. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದುದು ಲಿಫ್ಟ್ ರಿಪೇರಿ. ಮಿಕ್ಕ ಉಸಿರೆಲ್ಲ ಕ್ಯಾಮೆರಾಕ್ಕೆ. ಮದುವೆಯಾದ ವರ್ಷ ಕೊಂಡ ರೀಲಿನ ಕ್ಯಾಮೆರಾ ಒಂದು, ರೀಲು ಸಿಗುವುದು ಕಷ್ಟವಾದ ಮೇಲೆ ಕೊಂಡ ಡಿಜಿಟಲ್ಲು ಒಂದು. ಎರಡರಲ್ಲೂ ತೆಗೆದದ್ದು ಹೆಂಡತಿ ಮತ್ತು ಮಗಳನ್ನೇ. ಮನೆಯೊಳಗಿನ ಬೆಳಕು ಮಂದ, ರೀಲು ದುಬಾರಿ, ಯಾರಾದರೂ ಮಿಸುಕಿದರೆ ಮುಖ ಕಲಸಿಹೋಗುತ್ತಿತ್ತು. ಹಾಗಾಗಿ "ಅಲುಗಬೇಡಿ" ಎನ್ನುವುದು ಅವನ ಬಾಯಿಗೆ ಎಷ್ಟು ಅಂಟಿಕೊಂಡಿತೆಂದರೆ, ಬೀದಿಯವರು ಅವನನ್ನೇ ಅಲುಗಬೇಡಿ ಎಂದು ಕರೆಯತೊಡಗಿದರು. "ಏನ್ ಅಲುಗಬೇಡಿಯವರೇ, ಲಿಫ್ಟು ಮಾತ್ರ ಅಲುಗೋ ಹಂಗೆ ಮಾಡ್ತೀರಲ್ಲ" ಎಂದು ಮೂಲೆ ಅಂಗಡಿಯವನು ಇವತ್ತಿಗೂ ರೇಗಿಸುತ್ತಾನೆ.

ಶನಿವಾರ ಮಗಳೂ ಬಂದಳು. ಮೂವರೂ ನೆಲದ ಮೇಲೆ ಆಲ್ಬಮ್ಮುಗಳನ್ನು ಹರಡಿಕೊಂಡು ಕೂತರು. ಒಂದು ಆಲ್ಬಮ್ ಮುಗಿಯುವಷ್ಟರಲ್ಲಿ ಅವನ ಉತ್ಸಾಹ ಅರ್ಧ ಇಳಿದಿತ್ತು. ಮೆಟ್ಟಿಲ ಮೇಲೆ ಹೆಂಡತಿ, ತುಟಿ ಮುಚ್ಚಿಕೊಂಡು. ಕಡಲ ಪಕ್ಕ ಹೆಂಡತಿ, ತುಟಿ ಮುಚ್ಚಿಕೊಂಡು. ತೊಟ್ಟಿಲ ಬಳಿ, ಹೊಸ ಸೈಕಲ್ಲಿನ ಬಳಿ, ಮಗಳ ಮೊದಲ ಶಾಲೆಯ ಗೇಟಿನ ಬಳಿ, ಬ್ಯಾಂಕಿನ ಬೀಗದಂತೆ ಭದ್ರವಾಗಿ ತುಟಿ ಮುಚ್ಚಿಕೊಂಡು.

"ಅಮ್ಮ ಇಷ್ಟೊಂದು ಗಂಭೀರ ಯಾವಾಗ ಇದ್ಲು?" ಎಂದಳು ಮಗಳು.

ಎಂದೂ ಇರಲಿಲ್ಲ, ಅದೇ ಸಂಕಟ. ಆ ಮನೆಯ ನಗುವಿನ ಗುತ್ತಿಗೆ ಅವಳದೇ. ಮಹಡಿ ಮೇಲಿನ ಮಾಲೀಕ ಕೆಮ್ಮುವುದನ್ನು, ಗಂಡನ ಮೇಲಧಿಕಾರಿ ಫೋನಿನಲ್ಲಿ ಗೊಣಗುವುದನ್ನು ಮಾಡಿ ತೋರಿಸಿ, ಎಲ್ಲರಿಗಿಂತ ಮೊದಲು ತಾನೇ ಹೊಟ್ಟೆ ಹಿಡಿದುಕೊಂಡು ನಗುವವಳು. ಹಲ್ಲು ಹೋದ ಮೇಲೆ ಅದೆಲ್ಲ ನಿಂತಿತ್ತು. ಊಟದ ಹೊತ್ತಿಗೂ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಮನೆಯೊಳಗೆ ಗಡಿಯಾರದ ಸದ್ದು ಕೇಳಿಸತೊಡಗಿತ್ತು.

ಡಿಜಿಟಲ್ಲಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದರು. ಅಲ್ಲಿ ರೀಲಿನ ಖರ್ಚಿಲ್ಲ, ಆದರೆ ಕ್ಯಾಮೆರಾ ಎತ್ತಿದರೆ ಅವಳ ತುಟಿ ತಾನಾಗಿ ಅಂಟಿಕೊಳ್ಳುವುದು ಅಷ್ಟರೊಳಗೆ ಅಭ್ಯಾಸವಾಗಿ ಹೋಗಿತ್ತು. ಎಲ್ಲೋ ಅಪ್ಪಿತಪ್ಪಿ ಬಾಯಿ ತೆರೆದಿದ್ದರೂ ಚಿತ್ರ ಅಲುಗಿರುತ್ತಿತ್ತು. ಅಲುಗಿದ್ದನ್ನು ಅವನು ಅಂದಂದೇ ಅಳಿಸಿ ಒಪ್ಪ ಮಾಡಿಡುತ್ತಿದ್ದ.

"ಚೆನ್ನಾಗಿ ಗುಡಿಸಿಟ್ಟಿದ್ದೀಯಪ್ಪಾ," ಎಂದಳು ಮಗಳು.

"ಬಿಡೇ, ಅವರೇನು ಮಾಡ್ತಾರೆ," ಎಂದು ಹೆಂಡತಿ ಎದ್ದಳು. "ಸುದ್ದಿ ಓದೋಳ ಹಲ್ಲೇ ಇರ್ಲಿ ಬಿಡ್ರೀ. ಅಗಿಯೋಕೆ ಸಾಕು."

ನಗೋಕೆ ಏನು ಮಾಡ್ತೀಯ ಎಂದು ಕೇಳಹೊರಟವನು ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ.

ಭಾನುವಾರ ಬೆಳಗ್ಗೆ ಅವನು ಅಟ್ಟದಿಂದ ನೆಗೆಟಿವ್‌ಗಳ ಡಬ್ಬ ಇಳಿಸಿದ. ಸ್ಟುಡಿಯೋದವರು ಆರಾರು ಚಿತ್ರಕ್ಕೊಂದರಂತೆ ಕತ್ತರಿಸಿ ತೆಳುಗಾಗದದ ಕವರಿನಲ್ಲಿಟ್ಟ ಪಟ್ಟಿಗಳು. ಪ್ರಿಂಟು ಹಾಕಿಸದೆ ಬಿಟ್ಟದ್ದು ಏನಾದರೂ ಇದ್ದೀತೆಂದು ಒಂದೊಂದನ್ನೇ ಕಿಟಕಿಗೆ ಹಿಡಿದ. ಕೂದಲು ಬೆಳ್ಳಗೆ, ಮುಖ ಕಪ್ಪಗೆ, ಆ ಕಪ್ಪಿನಲ್ಲೂ ತುಟಿ ಮುಚ್ಚಿಯೇ ಇತ್ತು.

ಹಾಗೆ ಹಿಡಿದ ಒಂದು ಪಟ್ಟಿಯ ತುದಿಯಲ್ಲಿ, ಒಂದನೇ ನಂಬರಿಗೂ ಮೊದಲು, ಬೆಳಕಿಗೆ ಅರ್ಧ ಸುಟ್ಟ ಚೌಕವೊಂದಿತ್ತು. ಸುಡದೆ ಉಳಿದ ಅರ್ಧದಲ್ಲಿ ಒಂದು ಮುಖ. ಬಾಯಿಯ ಜಾಗದಲ್ಲಿ ಅಚ್ಚ ಕಪ್ಪು ಕಲೆ. ಧೂಳಿರಬೇಕೆಂದು ಉಫ್ ಎಂದು ಊದಿದ. ಹೋಗಲಿಲ್ಲ. ಬೆರಳಿನಿಂದ ಒರೆಸಿದ. ಹೋಗಲಿಲ್ಲ. ಆಮೇಲೆ ಪಟ್ಟಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ. ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪು. ಅದು ಕಲೆಯಲ್ಲ, ಹಲ್ಲು.

ರೀಲು ತುಂಬಿಸಿದಾಗ ಅದರ ಮೊದಲ ತುದಿ ಬೆಳಕು ತಾಗಿ ಕೆಟ್ಟಿರುತ್ತದೆ. ಕ್ಯಾಮೆರಾದ ಹಿಂಬದಿಯ ಮುಚ್ಚಳ ಹಾಕಿ ಎರಡು ಸಲ ಸುಮ್ಮನೆ ಒತ್ತಿ ಸುತ್ತಿದರೆ ಒಳ್ಳೆಯ ರೀಲು ಮುಂದಕ್ಕೆ ಬರುತ್ತದೆ. ಆ ಎರಡು ಕ್ಲಿಕ್ಕಿಗೆ ಲೆಕ್ಕವಿಲ್ಲ, ಯಾರೂ ಪ್ರಿಂಟು ಹಾಕುವುದಿಲ್ಲ. ರೀಲನ್ನು ನೆರಳಿನಲ್ಲಿ ತುಂಬಿಸಬೇಕು; ಮನೆಯಲ್ಲಿ ತಕ್ಕಮಟ್ಟಿಗೆ ನೆರಳಿದ್ದ ಜಾಗ ಅಡುಗೆಮನೆಯ ಹೊಸ್ತಿಲ ಪಕ್ಕ. ಅಲ್ಲಿ ಸ್ಟೂಲು ಹಾಕಿ ಕೂತರೆ ಎದುರಿಗೆ ಕಿಟಕಿ ಬೆಳಕಿನಲ್ಲಿ ಒಲೆ, ಒಲೆಯ ಮುಂದೆ ಅವಳು. ಕ್ಯಾಮೆರಾ ಕಂಡು ಅವಳು ಸೆಟೆದು ನಿಂತರೆ ಅವನು, "ಇದು ಫೋಟೋ ಅಲ್ಲ ಮಾರಾಯ್ತಿ, ರೀಲು ಸುತ್ತುತ್ತಿದ್ದೀನಿ. ನೀನು ನಿನ್ನ ಪಾಡಿಗೆ ಇರು," ಎನ್ನುತ್ತಿದ್ದ. ಅವಳು ತನ್ನ ಪಾಡಿಗೆ ಇರುತ್ತಿದ್ದಳು.

ಅವನು ಎಲ್ಲ ಕವರುಗಳಿಂದಲೂ ಮೊದಲ ಪಟ್ಟಿಯನ್ನು ಹೊರಗೆಳೆದ. ಕೆಲವು ಪೂರ್ತಿ ಸುಟ್ಟಿದ್ದವು, ಕೆಲವು ಏನೂ ಮೂಡದೆ ಖಾಲಿ. ಉಳಿದವನ್ನು ಮಗಳ ಫೋನಿನ ಬಿಳಿ ಪರದೆಯ ಮೇಲೆ ಮಲಗಿಸಿ, ಡಿಜಿಟಲ್ಲನ್ನು ಮೇಲಿನಿಂದ ಬಗ್ಗಿಸಿ ಹಿಡಿದು ತೆಗೆದ. ಮಗಳು ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿದಳು.

ಒಂದೊಂದಾಗಿ ಅಮ್ಮ ಬಂದಳು. ಸೌಟು ಎತ್ತಿಕೊಂಡು ಯಾರನ್ನೋ ಅಣಕಿಸುತ್ತಾ. ಹಿಟ್ಟಿನ ಕೈಯಲ್ಲಿ ಮೂಗು ತುರಿಸಿಕೊಳ್ಳುತ್ತಾ. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು, ಬಸ್ಸಿನಲ್ಲಿ ನಿದ್ದೆ ಹೋದವನು ಪಕ್ಕದವನ ಹೆಗಲಿಗೆ ವಾಲುವಂತೆ, ಇನ್ನೊಂದರ ಮೇಲೆ ವಾಲಿಕೊಂಡಿತ್ತು.

"ಅಂದ್ರೆ ಅಪ್ಪ ತೆಗೆದಿರೋದ್ರಲ್ಲಿ ಚೆನ್ನಾಗಿರೋದು ಅಪ್ಪ ತೆಗೀದೆ ಇರೋದು," ಎಂದಳು ಮಗಳು.

ಹೆಂಡತಿ ಇಬ್ಬರ ಬೆನ್ನ ಹಿಂದೆ ಬಂದು ನಿಂತಿದ್ದಳು. ಪರದೆಯ ಹತ್ತಿರ ಬಗ್ಗಿ, ವಾಲಿದ ಹಲ್ಲನ್ನು ಬೆರಳಿನಿಂದ ಮುಟ್ಟಿದಳು.

"ಹಾಂ, ಇವಳೇ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಅಲ್ರೀ, ಇಷ್ಟೊಂದು ನಗ್ತಿದ್ನಾ ನಾನು, ನೀವು ನೋಡ್ತಿರುವಾಗ?"

"ನೋಡ್ತಿರಲಿಲ್ಲ. ಸುತ್ತುತ್ತಿದ್ದೆ."

ಸೋಮವಾರ ಡಾಕ್ಟರಮ್ಮ ಚಿತ್ರಗಳನ್ನು ಸಾಲಾಗಿಟ್ಟುಕೊಂಡು ಮೇಣ ಬಿಸಿ ಮಾಡಿದರು. ಒಂದು ಹಲ್ಲನ್ನು ಒಂದಿಷ್ಟು ತಿರುಗಿಸಿ, ಪಕ್ಕದ್ದಕ್ಕೆ ಒರಗಿಸಿ, "ನೇರ ಬೇಕಂತ ಎಲ್ಲರೂ ಕೇಳ್ತಾರೆ. ಸೊಟ್ಟ ಬೇಕು ಅಂದೋರು ನೀವೇ ನೋಡಿ," ಎಂದರು.

ಗಟ್ಟಿಯಾದ ಸೆಟ್ಟು ಕೈಗೆ ಬಂದ ದಿನ ಅವನು ಡಿಜಿಟಲ್ಲನ್ನು ಕುತ್ತಿಗೆಗೆ ಹಾಕಿಕೊಂಡೇ ಹೋಗಿದ್ದ. ಅವಳು ಹಲ್ಲು ಹಾಕಿಕೊಂಡು ಕನ್ನಡಿಯಲ್ಲಿ ಎಡಕ್ಕೆ ಬಲಕ್ಕೆ ನೋಡಿಕೊಂಡಳು. ಅವನು ಕ್ಯಾಮೆರಾ ಎತ್ತಿದ. ಕೂಡಲೇ ತುಟಿಗಳು ಹಳೆಯ ಜಾಗಕ್ಕೆ ಹೋಗಿ ಕೂತವು, ಗಲ್ಲ ಸೆಟೆಯಿತು.

ಬಾಯಿಗೆ ಬಂದ "ಅಲುಗಬೇಡಿ"ಯನ್ನು ಅವನು ನುಂಗಿಕೊಂಡ. ಕ್ಯಾಮೆರಾವನ್ನು ಎದೆಯವರೆಗೆ ಇಳಿಸಿ, ಬೇರೆಲ್ಲೋ ನೋಡುತ್ತಾ, "ಇದು ಫೋಟೋ ಅಲ್ಲ ಮಾರಾಯ್ತಿ," ಎಂದ. "ರೀಲು ಸುತ್ತುತ್ತಿದ್ದೀನಿ."

ಅವಳು ಕ್ಯಾಮೆರಾವನ್ನು ನೋಡಿದಳು, ಅವನನ್ನು ನೋಡಿದಳು. "ಅದ್ರಲ್ಲಿ ಎಲ್ರೀ ರೀಲು," ಎನ್ನುತ್ತಿರುವಾಗಲೇ ನಗು ತಡೆಯಲಾರದೆ ಕುರ್ಚಿಯ ಕೈ ಹಿಡಿದುಕೊಂಡು ಬಗ್ಗಿದಳು.

ಎರಡು ಸಲ ಒತ್ತಿದ. ಎರಡೂ ಅಲುಗಿದ್ದವು. ಹಾಗೇ ಇಟ್ಟುಕೊಂಡ.