ಎದೆಮಟ್ಟದ ಕಟ್ಟೆ

“ಇಷ್ಟು ದೊಡ್ಡದು ಕಟ್ಟಿದವನು ಒಂದು ದಿನವಾದರೂ ಕೂತು ಮೀನು ಮಾರಿದ್ದಾನಾ?”

ವಾರಿಜಾಕ್ಷಿ ಕೇಳಿದ್ದು ಯಾರನ್ನೂ ಅಲ್ಲ. ಗುರುವಾರ ಬೆಳಿಗ್ಗೆ ಬಿಕರ್ನಕಟ್ಟೆಯ ಹೊಸ ಮೀನು ಮಾರುಕಟ್ಟೆ ಖಾಲಿಯಾಗಿತ್ತು. ಮಾತು ಗೋಡೆಗೆ ಬಡಿದು ಅವಳಿಗೇ ವಾಪಸು ಬಂತು.

ಅವಳ ಮನೆಯ ಹೆಂಗಸರು ಮೂರು ತಲೆಮಾರಿನಿಂದ ಮಣೆಯ ಮೇಲೆ ಕೂತೇ ಮೀನು ಮಾರಿದವರು. ಬುಟ್ಟಿ ಮೊಣಕಾಲಿನ ಮುಂದಿರಬೇಕು, ಗಿರಾಕಿ ಬಗ್ಗಿ ಕಿವಿರು ಎತ್ತಿ ನೋಡಬೇಕು, ಚೌಕಾಸಿ ಆಮೇಲೆ. ನಕ್ಷೆ ಬರೆಯುವ ಮೊದಲು ಆರ್ಕಿಟೆಕ್ಟ್ ಯೋಗೀಶ್ ಸಭೆ ಕರೆದಾಗ ಅವಳು ಇದನ್ನೇ ಹೇಳಿದ್ದಳು. ನೆಲಕ್ಕೆ ನಯದ ಟೈಲ್ಸ್ ಬೇಡ, ಐಸಿನ ನೀರು ಬಿದ್ದರೆ ಜಾರುತ್ತದೆ ಎಂದೂ ಹೇಳಿದ್ದಳು.

“ನೀವಿನ್ನು ರಾಣಿಯರ ಹಾಗೆ ನಿಂತು ವ್ಯಾಪಾರ ಮಾಡಿ ಅಕ್ಕ,” ಎಂದು ಅವನು ನಕ್ಕ. ಸಭೆಯೆಲ್ಲ ನಕ್ಕಿತು.

ಎದೆಮಟ್ಟದ ಕಟ್ಟೆಗಳು ಎದ್ದವು, ಅವುಗಳ ಮೇಲೆ ಗಾಜು. ಕಡಲ ಗಾಳಿ ಬರುವ ದಿಕ್ಕಿಗೆ ಒಂದೂ ಕಿಟಕಿಯಿಲ್ಲದ ಗೋಡೆ. ಮಾರುಕಟ್ಟೆ ತೆರೆದ ಮೂರನೆಯ ದಿನ ಅವಳ ತಂಗಿ ಜಲಜಾಕ್ಷಿ ಆ ಟೈಲ್ಸಿನ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಯೋಗೀಶ್ ಆಸ್ಪತ್ರೆಗೆ ಬರಲಿಲ್ಲ. “ಚಪ್ಪಲಿ ಸರಿ ಇಲ್ಲದಿದ್ರೆ ನಾನೆಂತ ಮಾಡುವುದು?” ಎಂದು ಫೋನಿನಲ್ಲೇ ಕೇಳಿದ. ಹೆಂಗಸರೆಲ್ಲ ಎದುರಿನ ಗೋಳಿಮರದಡಿಗೆ ಹೋಗಿ ಕೂತರು.

ವಾರಿಜಾಕ್ಷಿ ಸಂಜೆಯಾದರೆ ಭಜನಾ ಮಂದಿರದ ಮೂಲೆಯಲ್ಲಿ ಕಣ್ಣು ಮುಚ್ಚಿ ಪದ ಕೇಳುವವಳು. ತನಗೆಂದು ದೇವರಲ್ಲಿ ಏನನ್ನೂ ಬೇಡಿದವಳಲ್ಲ. ಈ ವರ್ಷ ಮಾತ್ರ ಬೇಡಿದಳು: ಅವನು ನನ್ನ ಎದುರು ಕುಕ್ಕುರು ಕೂರುವ ಹಾಗೆ ಮಾಡು.

ಅವನು ತಾನಾಗಿಯೇ ಬಂದ. ಕಟ್ಟಡಕ್ಕೆ ಪ್ರಶಸ್ತಿ ಸಿಗುವ ಹಾಗಿತ್ತು. ‘ಬಳಸುವವರನ್ನು ಕೇಳಿ ಕಟ್ಟಿದ್ದು’ ಎಂದು ಅರ್ಜಿಯಲ್ಲಿ ಬರೆದಿದ್ದ. ಗುರುವಾರ ತೀರ್ಪುಗಾರರು ನೋಡಲು ಬರುವವರಿದ್ದರು. ಒಂದು ದಿನ ಒಳಗೆ ನಿಲ್ಲಿ ಎಂದು ಕೇಳಿದ.

“ಅದಕ್ಕೆಂತ, ಇಪ್ಪತ್ತೆರಡು ಜನವೂ ನಿಲ್ತೇವೆ,” ಎಂದಿದ್ದಳು ವಾರಿಜಾಕ್ಷಿ.

ಈಗ ಅವಳು ಖಾಲಿ ಮಾರುಕಟ್ಟೆಯಿಂದ ಹೊರಬಂದು ರಸ್ತೆ ದಾಟಿ, ಉಳಿದವರ ಜೊತೆ ಮರದಡಿ ಮಣೆ ಹಾಕಿದಳು.

ಹತ್ತು ಗಂಟೆಗೆ ಕಾರು ಬಂತು. ಇಬ್ಬರು ತೀರ್ಪುಗಾರರು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದರು. ಒಳಗೆ ಒಂದು ಬೂತಾಯಿ ಮೀನೂ ಇರಲಿಲ್ಲ. ಮರದಡಿ ದಿನದ ಗಿರಾಕಿ ಮುಮ್ತಾಝ್ ಬಗ್ಗಿ ಬಂಗುಡೆಯ ಕಿವಿರು ಎತ್ತುತ್ತಿದ್ದಳು.

“ಇದು ನಿನ್ನೆಯದ್ದಾ ವಾರಿಜಕ್ಕ?”

“ನಿನ್ನೆಯದ್ದು ನಿನ್ನ ಮೂಗು, ಮಾರಾಯ್ತಿ. ಸರಿ ನೋಡು.”

ಯೋಗೀಶ್ ಓಡಿ ಬಂದ. “ಅಕ್ಕ, ಮಾತು ಕೊಟ್ಟಿದ್ರಿ!”

“ಕೊಟ್ಟಿದ್ದೆ.”

“ಅವರು ನೋಡ್ತಾ ಇದ್ದಾರೆ. ಅರ್ಧ ಗಂಟೆ ಸಾಕು.”

“ಅಷ್ಟು ಮೇಲಿಂದ ಹೇಳಿದ್ರೆ ನನಗೆ ಕೇಳುವುದಿಲ್ಲ. ಕೂತ್ಕೊಳ್ಳಿ.”

ಅವನು ಕುಕ್ಕುರು ಕೂತ. ಬೂಟಿನೊಳಗೆ ಮೀನಿನ ನೀರು ಇಳಿಯಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

“ಕಟ್ಟೆ ಒಡೆಸ್ತೇನೆ ಅಕ್ಕ. ಗೋಡೆ ತೆಗೆಸಿ ಗಾಳಿಗೆ ಜಾಗ ಮಾಡ್ತೇನೆ. ಟೈಲ್ಸ್ ಕೀಳಿಸ್ತೇನೆ. ಈಗಲೇ ಬರೆದುಕೊಡ್ತೇನೆ. ಇವತ್ತೊಂದು ದಿನ ಒಳಗೆ ಬನ್ನಿ.”

ಅವನು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. ಸುಳ್ಳಲ್ಲ ಎಂದು ವಾರಿಜಾಕ್ಷಿಗೆ ಗೊತ್ತಾಯಿತು.

ಪಕ್ಕದ ಜಯ ಅವಳ ಮೊಣಕೈ ಹಿಡಿದಳು. “ಒಪ್ಪಿಕೊಳ್ಳಿ ವಾರಿಜಕ್ಕ. ಬರುವ ತಿಂಗಳು ಮಳೆ ಉಂಟು. ಈ ಮರದಡಿ ಹೇಗೆ ಕೂರುವುದು?”

ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಜಯಳ ಮಾತು ನಿಜ. ಅದು ವಾರಿಜಾಕ್ಷಿಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

“ಜಲಜ ಈಗ ಗೋಡೆ ಹಿಡಿದು ನಡೀತಾಳೆ,” ಎಂದಳು.

“ತಪ್ಪಾಯ್ತು ಅಕ್ಕ. ಕೈ ಮುಗೀತೇನೆ. ಬನ್ನಿ.”

ವಾರಿಜಾಕ್ಷಿ ಜಯಳ ಕೈಯನ್ನು ಮೆಲ್ಲಗೆ ಬಿಡಿಸಿದಳು.

“ಬರುವುದಿಲ್ಲ.”