ಸುನಂದಾಳ ಉಗುರು

ಟಕ್ ಟಕ್, ಸಿಮೆಂಟಿನ ಮೇಲೆ ಅವಳ ಉಗುರು, ಎದ್ದಳು ನನ್ನ ಸುನಂದಾ, ರಾಗಿ ಗಂಜಿಯ ವಾಸನೆ ಮೂಗಿಗೆ ಬಡಿದಿರಬೇಕು — ಏಳು ವರ್ಷದಿಂದ ಇದೇ ಸದ್ದು, ಕಂದಿಕೆರೆಯ ತೋಟದ ಬಾವಿಯಿಂದ ಎತ್ತಿ ತಂದಾಗ ಕುಕ್ಕೆಯೊಳಗೆ ಹಿಡಿಯುವಷ್ಟಿದ್ದ ಕರಡಿ ಮರಿ, ಆರು ತಿಂಗಳು ಬೋನಲ್ಲಿರಲಿ ಹೊಂಬಾಳಮ್ಮ, ನೀನೇ ಸಾಕು, ಮೃಗಾಲಯ ಎದ್ದ ಮೇಲೆ ಮಣ್ಣಿನ ಬಯಲಿಗೆ ಬಿಡೋಣ ಎಂದಿದ್ದರು ಇಲಾಖೆಯವರು, ಆರು ತಿಂಗಳಂತೆ, ಬೋರ್ಡು ಬಂತು, ಮೀನುಮನೆಗೆ ಗಾಜಿನ ತೊಟ್ಟಿ ಬಂತು, ಮೀನಿಗಿಂತ ಮೊದಲು ಜೇಡ ಬಂದು ಅದರೊಳಗೆ ಸಂಸಾರ ಹೂಡಿತು, ಕರಡಿ ಬಯಲಿಗೆ ಮೂರು ಗೋಡೆ ಎದ್ದವು, ನಾಲ್ಕನೆಯದಕ್ಕೆ ಬರಬೇಕಿದ್ದ ಅನುದಾನ ಬರಲಿಲ್ಲ, ಈ ಬಜೆಟ್‌ನಲ್ಲಿ ಆಗುತ್ತೆ ಕಣಮ್ಮ, ಇಂಜಿನಿಯರ್ ರವಿಕಿರಣ್ ಪ್ರತಿ ವರ್ಷ ಹೇಳುವ ಮಾತು, ಪಾಪ ಅವರದೇನು ತಪ್ಪು, ದೇವರು ವರ ಕೊಟ್ಟರೂ ಪೂಜಾರಿ ಕೊಡ — ಮಣ್ಣು ಕೆರೆಯದೆ ಇವಳ ಉಗುರು ಮಾತ್ರ ಬೆಳೆದು, ಬಾಗಿ, ಟಕ್ ಟಕ್, ಮನೆಯಲ್ಲಿ ಮುದ್ದೆ ತಿರುವುವಾಗಲೂ ಕಿವಿಯಲ್ಲಿ ಅದೇ.

ಕೊನೆಗೆ ಹೆಬ್ಬಾಗಿಲ ಕಮಾನಿಗೆಂದು ತಂದು ಹಾಕಿದ್ದ ಕಲ್ಲು ತೋರಿಸಿ ನಾನೇ ಕೇಳಿದೆ, ಸಾರ್, ಒಳಗೇನೂ ಇಲ್ದಿದ್ಮೇಲೆ ಕಮಾನು ಯಾರಿಗೆ, ಅವಳ್ಗೊಂದು ಗೋಡೆ ಹಾಕ್ಬುಡಿ — ನಕ್ಕರು, ತಲೆ ಕೆರೆದುಕೊಂಡರು, ಮೇಲಿನವರಿಗೆ ಬರೆದರು, ಒಪ್ಪಿಗೆ ಬಂತು, ಗೋಡೆ ಮುಗಿದು ಇವತ್ತು ಬೋನಿನ ಬಾಗಿಲು ಎತ್ತಿದ್ದಾರೆ, ಇವಳೋ ಹೊಸ್ತಿಲವರೆಗೆ ಬಂದು, ಮೂತಿ ಚಾಚಿ ಮೂಸಿ, ಹಿಂದಕ್ಕೆ, ಟಕ್ ಟಕ್, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ, ಮಣ್ಣನ್ನೇ ಮರೆತುಬಿಟ್ಟಳೇ — ಹೊಂಬಾಳಕ್ಕ, ಕೋಲಲ್ಲಿ ತಿವೀಲಾ, ಕಾವಲಿನ ಹುಚ್ಚಣ್ಣನ ಅವಸರ, ಬ್ಯಾಡ ಬುಡು ಹುಚ್ಚಣ್ಣ, ಅಟ್ಟದ ತೆಂಗಿನಕಾಯಿ ವರ್ಷ ಕೂತು ಒಣಗಿದರೆ ಕೊಬ್ಬರಿ ತಾನೇ ಚಿಪ್ಪು ಬಿಡುತ್ತೆ, ಆತುರಕ್ಕೆ ಒಡೆದರೆ ಕೊಬ್ಬರಿ ಚೂರು ಚೂರು — ಅಟ್ಟದ ಕಾಯಿ, ಅಯ್ಯೋ ನನ್ನ ಬುದ್ಧಿಗಿಷ್ಟು, ದಿನಾ ಊಟದ ಹೊತ್ತಿಗೆ ಮಡಿಲಿಂದ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತೇನಲ್ಲ, ಒಳಗೆ ಕೊಬ್ಬರಿ ಲೊಡ ಲೊಡ ಎಂದರೆ ತಾನೇ ಒಡೆದು ಕೊಡುವುದು, ಆ ಸದ್ದಿಗೆ ನಿದ್ದೆಯಿಂದಲೂ ಎದ್ದು ಬರುವವಳು ಇವಳು, ಗೋಡೆ ಸುತ್ತಿ ಆಚೆ ತುದಿಗೆ ಓಡುತ್ತಿದ್ದೇನೆ, ಮೊಣಕಾಲು ನೋಯುತ್ತಿದೆ, ನೋಯಲಿ, ಕಂಬಿಯ ಕಿಂಡಿಗೆ ಕಾಯಿ ಹಿಡಿದು ಅಲ್ಲಾಡಿಸಿದೆ, ಲೊಡ ಲೊಡ, ಬಾರೇ, ಬಾರೇ ನನ್ನವ್ವ — ತಲೆ ಎತ್ತಿದಳು, ಟಕ್, ಒಂದು ಹೆಜ್ಜೆ, ಟಕ್, ಆಮೇಲೆ ಸದ್ದಿಲ್ಲ, ಸದ್ದೇ ಇಲ್ಲ, ಮೀನುಮನೆ ಯಾವಾಗಲಾದರೂ ಆಗಲಿ, ಕಮಾನು ಆಗದಿದ್ದರೂ ಚಿಂತೆಯಿಲ್ಲ, ಕಾಯಿ ನನ್ನ ಕೈಯಲ್ಲೇ ಉಳಿಯಿತು, ಅವಳಿಗೀಗ ಕೊಬ್ಬರಿಯೂ ಬೇಡ, ನಾನೂ ಬೇಡ, ಅರ್ಧ ದಾರಿಯಲ್ಲಿ ನಿಂತು ಕೆರೆಯುತ್ತಿದ್ದಾಳೆ, ಕೆಂಪು ಮಣ್ಣು ಹಿಂದಕ್ಕೆ ಹಾರುತ್ತಿದೆ, ಉಗುರು, ಮಣ್ಣೊಳಗೆ ಅವಳ ಉಗುರು —